ಪ್ರಸಂಗ ದಿಲ್ಲಿಯದು, ಅರ್ಥ ಹೆಮ್ಮಾಡಿಯದು

ಜನವರಿ ಬಂತೆಂದರೆ ಕುಂದಾಪುರ ಸೀಮೆಯ ಹೆಮ್ಮಾಡಿಯ ಸುತ್ತಿನ ಗದ್ದೆಗಳಿಗೆ ಹಳದಿ ಏರುತ್ತದೆ. ಮಕರ ಸಂಕ್ರಮಣಕ್ಕೆ ಮಾರಣಕಟ್ಟೆಯ ಬ್ರಹ್ಮಲಿಂಗೇಶ್ವರನ ಜಾತ್ರೆ. ಆ ದಿನಕ್ಕೆ ಸೇವಂತಿಗೆ ಅರಳಿರಲೇಬೇಕು. ಬೆಳೆಗಾರರು ಡಿಸೆಂಬರಿನ ಉದ್ದಕ್ಕೂ ಒಮ್ಮೆ ಮೊಗ್ಗನ್ನು, ಒಮ್ಮೆ ಆಕಾಶವನ್ನು ನೋಡುತ್ತಿರುತ್ತಾರೆ. ಮೋಡ ಕವಿದರೆ, ಅಕಾಲದಲ್ಲಿ ಮಳೆ ಬಿದ್ದರೆ, ಚಳಿ ತಪ್ಪಿದರೆ ಹೂವು ಜಾತ್ರೆ ಕಳೆದ ಮೇಲೆ ಬಿಡುತ್ತದೆ. ಜಾತ್ರೆ ಕಳೆದ ಹೂವಿಗೆ ಆ ಬೆಲೆ ಇಲ್ಲ. ಸೇವಂತಿಗೆ ಬೆಳೆಯುವ ಮನೆಯ ಮಕ್ಕಳು ಈ ಲೆಕ್ಕವನ್ನು ಮಗ್ಗಿಯ ಜೊತೆಜೊತೆಗೇ ಕಲಿಯುತ್ತಾರೆ.

ಆ ಲೆಕ್ಕದೊಳಗೆ ವಿಜ್ಞಾನದ ದೊಡ್ಡ ಪಾಠವೊಂದಿದೆ. ಸೇವಂತಿಗೆ ಇರುಳಿನ ಉದ್ದ ನೋಡಿ ಹೂ ಬಿಡುವ ಗಿಡ. ದಕ್ಷಿಣಾಯನದಲ್ಲಿ ಹಗಲು ಕುಗ್ಗಿ ರಾತ್ರಿ ಬೆಳೆದಾಗ ಅದರ ಎಲೆ ಆ ವ್ಯತ್ಯಾಸವನ್ನು ಗುರುತಿಸುತ್ತದೆ, ಮೊಗ್ಗು ಕಟ್ಟುವ ಕೆಲಸ ಶುರುವಾಗುತ್ತದೆ. ದಿಲ್ಲಿಯಲ್ಲಿ ಜೂನ್ ತಿಂಗಳ ಹಗಲಿಗೂ ಡಿಸೆಂಬರಿನ ಹಗಲಿಗೂ ಮೂರೂವರೆ ಗಂಟೆಗೂ ಮಿಕ್ಕಿದ ಅಂತರವಿದೆ. ಕುಂದಾಪುರದ ಅಕ್ಷಾಂಶದಲ್ಲಿ ಅದು ಸುಮಾರು ಒಂದೂವರೆ ಗಂಟೆ. ಬೇಸಿಗೆಯಲ್ಲಿ ಹಗಲು ದೀರ್ಘ, ಚಳಿಗಾಲದಲ್ಲಿ ಇರುಳು ದೀರ್ಘ ಎಂಬ ವಾಕ್ಯ ದಿಲ್ಲಿಯ ಮಗುವಿಗೆ ಕಣ್ಣೆದುರಿನ ಅನುಭವ, ನಮ್ಮ ಮಗುವಿಗೆ ಬಾಯಿಪಾಠ. ಆದರೆ ನಮ್ಮ ಮಗುವಿನ ಮನೆಯ ಹಿಂದೆ ಆ ಒಂದೂವರೆ ಗಂಟೆಯನ್ನು ತಪ್ಪದೆ ಅಳೆಯುವ ಗಿಡಗಳು ಸಾಲುಸಾಲಾಗಿ ನಿಂತಿವೆ. ಪಾಠ ಅಲ್ಲಿಂದ ಶುರುವಾದರೆ ಭೂಮಿಯ ಓರೆ ಅಕ್ಷವೂ ಅರ್ಥವಾಗುತ್ತದೆ, ಅಜ್ಜಿ ಹಾಕುವ ಲೆಕ್ಕದ ಬೆಲೆಯೂ ತಿಳಿಯುತ್ತದೆ.

ರಾಷ್ಟ್ರೀಯ ಪಠ್ಯಕ್ರಮ ಎಂಬ ಮಾತು ಸುದ್ದಿಗೆ ಬಂದಾಗಲೆಲ್ಲ ಚರ್ಚೆ ಯಾವ ಪಾಠ ಸೇರಿತು, ಯಾವ ಪಾಠ ಹೋಯಿತು ಎಂಬಲ್ಲಿಗೆ ನಿಲ್ಲುತ್ತದೆ. ಆ ಚರ್ಚೆ ಬೇಕು. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ: ದಿಲ್ಲಿಯಲ್ಲಿ ಸಿದ್ಧವಾದ ಚೌಕಟ್ಟು ಹೆಮ್ಮಾಡಿಯ ತರಗತಿಯ ಕೋಣೆಗೆ ಹೇಗೆ ಬಂದು ಮುಟ್ಟುತ್ತದೆ? ದಾರಿಯಲ್ಲಿ ಏನು ಉದುರಿ ಹೋಗುತ್ತದೆ? ಉದುರಿದ್ದನ್ನು ತುಂಬಿಸಿಕೊಡುವವರು ಯಾರು?

ಚೌಕಟ್ಟು ಬೇರೆ, ಪುಸ್ತಕ ಬೇರೆ

ಹಲವರು ಪಠ್ಯಕ್ರಮ ಎಂದರೆ ಪಠ್ಯಪುಸ್ತಕ ಎಂದುಕೊಳ್ಳುತ್ತಾರೆ. ಇವೆರಡರ ನಡುವೆ ಹಲವು ಮೆಟ್ಟಿಲುಗಳಿವೆ. ಮೇಲಿನದು ಶಿಕ್ಷಣ ನೀತಿ: ದೇಶ ತನ್ನ ಮಕ್ಕಳಿಂದ ಏನನ್ನು ಬಯಸುತ್ತದೆ ಎಂಬ ಮಾತು. ಅದರ ಕೆಳಗೆ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು: ಯಾವ ವಯಸ್ಸಿಗೆ ಯಾವ ಬಗೆಯ ಕಲಿಕೆ, ಅದನ್ನು ಹೇಗೆ ಕಲಿಸಬೇಕು, ಹೇಗೆ ಅಳೆಯಬೇಕು ಎಂಬ ತತ್ವಗಳು. ಈ ಚೌಕಟ್ಟನ್ನು ಮುಂದಿಟ್ಟುಕೊಂಡು ರಾಜ್ಯಗಳು ತಮ್ಮ ಪಠ್ಯಕ್ರಮ ಮಾಡುತ್ತವೆ. ನಮ್ಮಲ್ಲಿ ಆ ಹೊಣೆ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯದು. ಆಮೇಲೆ ವಿಷಯವಾರು ಪಠ್ಯವಸ್ತು, ಆಮೇಲೆ ಪುಸ್ತಕ, ಆಮೇಲೆ ತರಗತಿಯಲ್ಲಿ ನಡೆಯುವ ಪಾಠ. ಎಲ್ಲಕ್ಕಿಂತ ಕೆಳಗೆ ಪ್ರಶ್ನೆಪತ್ರಿಕೆ.

ಚೌಕಟ್ಟು ಕಾನೂನಲ್ಲ. ರಾಜ್ಯಗಳು ಅದನ್ನು ತಮಗೆ ಬೇಕಾದಂತೆ ಒಗ್ಗಿಸಿಕೊಳ್ಳಬಹುದು. ಇದು ತಿಳಿಯಬೇಕಾದರೆ ಕನ್ನಡ ಶಾಲೆಗಳನ್ನೇ ನೋಡಬೇಕು. ಹೆಮ್ಮಾಡಿಯ ಮಗು ಓದುವುದು ಕರ್ನಾಟಕದ ಪುಸ್ತಕ. ಕಾಸರಗೋಡಿನ ಕನ್ನಡ ಮಾಧ್ಯಮದ ಮಗು ಓದುವುದು ಕೇರಳ ಕನ್ನಡದಲ್ಲಿ ಅಚ್ಚು ಹಾಕಿಸುವ ಪುಸ್ತಕ. ಮಹಾರಾಷ್ಟ್ರದ ಕನ್ನಡ ಶಾಲೆಗೆ ಪುಣೆಯ ಬಾಲಭಾರತಿಯ ಕನ್ನಡ ಪುಸ್ತಕ. ಭಾಷೆ ಒಂದು, ಪುಸ್ತಕ ಮೂರು, ಹಿನ್ನೆಲೆಯ ಚೌಕಟ್ಟು ಮತ್ತೆ ಒಂದು.

ನಮ್ಮೂರಿನವರಿಗೆ ಇದನ್ನು ತಾಳಮದ್ದಳೆಯ ಮೂಲಕ ಹೇಳಿದರೆ ಸುಲಭ. ಪ್ರಸಂಗದ ಪದ್ಯ ಎಲ್ಲ ಕೂಟಕ್ಕೂ ಒಂದೇ. ಭಾಗವತರು ಹಾಡುವ ಆ ಪದ್ಯಕ್ಕೆ ಅರ್ಥ ಹೇಳುವವರು ಅರ್ಥಧಾರಿಗಳು. ಅರ್ಥ ಯಾವ ಪುಸ್ತಕದಲ್ಲೂ ಬರೆದಿಟ್ಟಿಲ್ಲ. ಅದು ಆ ಕ್ಷಣದಲ್ಲಿ, ಎದುರಿಗೆ ಕುಳಿತ ಜನರನ್ನು ನೋಡಿ ಹುಟ್ಟಬೇಕು. ಆದರೆ ಅರ್ಥಧಾರಿ ಪ್ರಸಂಗದ ನಡೆಯನ್ನು ಮೀರುವ ಹಾಗಿಲ್ಲ. ಈ ಕಟ್ಟು ಮತ್ತು ಈ ಬಿಡುವು ಎರಡೂ ಸೇರಿದಾಗ ಕೂಟ ಕಳೆಗಟ್ಟುತ್ತದೆ. ರಾಷ್ಟ್ರೀಯ ಚೌಕಟ್ಟು ಪ್ರಸಂಗ. ಮೇಷ್ಟ್ರು, ಟೀಚರು ಅರ್ಥಧಾರಿಗಳು. ಪದ್ಯವನ್ನಷ್ಟೇ ಓದಿ ಮುಗಿಸಿದರೆ ಅದು ಕೂಟವಾಗುವುದಿಲ್ಲ, ಪಾಠವೂ ಆಗುವುದಿಲ್ಲ.

ಐಗಳ ಮಠದಿಂದ ವಾರ್ಧಾಕ್ಕೆ

ಈ ಹೋಲಿಕೆ ನನ್ನ ಕಲ್ಪನೆಯಿಂದ ಬಂದದ್ದಲ್ಲ, ಈ ನೆಲದ ಶಾಲೆಯ ಚರಿತ್ರೆಯಲ್ಲೇ ಇದೆ. ಸರ್ಕಾರಿ ಶಾಲೆ ಬರುವ ಮೊದಲು ಕುಂದಾಪುರ ಸೀಮೆಯಲ್ಲಿ ಐಗಳ ಮಠಗಳಿದ್ದವು. ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತೀಡುತ್ತಿದ್ದರು, ಮಗ್ಗಿ ಒಪ್ಪಿಸುತ್ತಿದ್ದರು. ನವರಾತ್ರಿಯಲ್ಲಿ ಐಗಳು ಆ ಮಕ್ಕಳಿಗೆ ಪ್ರಸಂಗದ ತುಣುಕು ಕಲಿಸಿ ಮನೆಮನೆಗೆ ಕರೆದೊಯ್ಯುತ್ತಿದ್ದರು. ಅದೇ ಹೂವಿನಕೋಲು. ಕಲಿತದ್ದನ್ನು ಊರಿನ ಮುಂದೆ ಬಾಯಿಬಿಟ್ಟು ಹೇಳಿ ತೋರಿಸುವ ಪರೀಕ್ಷೆ ಅದು. ಮಾತು, ತಾಳ, ಸ್ಮರಣೆ, ಸಭಾಧೈರ್ಯ ಎಲ್ಲವೂ ಅದರಲ್ಲಿದ್ದವು. ಆ ಮಠಗಳಿಗೆ ಎಲ್ಲ ಜಾತಿಯ ಮಕ್ಕಳು, ಎಲ್ಲ ಹೆಣ್ಣುಮಕ್ಕಳು ಹೋಗಲಾಗುತ್ತಿರಲಿಲ್ಲ ಎಂಬುದನ್ನು ಮರೆಯಬಾರದು. ಎಲ್ಲರಿಗೂ ಬಾಗಿಲು ತೆರೆಯಲು ಸರ್ಕಾರದ ಶಾಲೆ, ಎಲ್ಲರಿಗೂ ಒಂದೇ ಪಠ್ಯ ಬೇಕಾಗಿತ್ತು. ಒಳ್ಳೆಯ ರಾಷ್ಟ್ರೀಯ ಪಠ್ಯಕ್ರಮದ ಮೊದಲ ಸಮರ್ಥನೆ ಇಲ್ಲಿದೆ.

1956ರ ನವೆಂಬರ್ 1ರವರೆಗೆ ನಾವು ಮದ್ರಾಸಿನವರು. ದಕ್ಷಿಣ ಕನ್ನಡ ಜಿಲ್ಲೆಯ ಶಾಲೆಗಳ ಪಠ್ಯ, ಪರೀಕ್ಷೆ ಎಲ್ಲ ಅಲ್ಲಿಂದಲೇ ನಿಗದಿಯಾಗುತ್ತಿದ್ದವು. ಆ ದೂರವನ್ನು ತುಂಬಿದವರು ಇಲ್ಲಿನ ಶಿಕ್ಷಕರು, ಲೇಖಕರು. ಶಾಲಾ ಇನ್‌ಸ್ಪೆಕ್ಟರ್ ಆಗಿದ್ದ ಪಂಜೆ ಮಂಗೇಶರಾಯರು ಮಕ್ಕಳಿಗೆ ಮಕ್ಕಳ ಬಾಯಿಗೆ ಹಿಡಿಸುವ ಕನ್ನಡದಲ್ಲಿ ಪದ್ಯ ಬರೆದರು, ಕತೆ ಹೇಳಿದರು. ಕೋಟದ ಶಿವರಾಮ ಕಾರಂತರು 1936ರಲ್ಲಿ ‘ಬಾಲಪ್ರಪಂಚ’ದ ಸಂಪುಟಗಳನ್ನು ಹೊರತಂದರು, ಪುತ್ತೂರಿನ ಬಾಲವನದಲ್ಲಿ ಮಕ್ಕಳ ಕಲಿಕೆಯ ಪ್ರಯೋಗಗಳನ್ನು ನಡೆಸಿದರು. ಜಗತ್ತಿನ ವಿಜ್ಞಾನ ಕನ್ನಡದ ಮಗುವಿನ ಕೈಗೆ ಚಿತ್ರ ಸಮೇತ ಸಿಗಬೇಕು ಎಂದು ಒಬ್ಬ ಮನುಷ್ಯ ಹಟ ಹಿಡಿದು ಮಾಡಿದ ಕೆಲಸ ಅದು. ಮೇಲಿನಿಂದ ಬಂದ ಪಠ್ಯಕ್ಕೆ ಅರ್ಥ ಹೇಳುವುದು ಎಂದರೆ ಇದೇ.

ಕಾರಂತರ ಸಂಪುಟಗಳು ಬಂದ ಮರುವರ್ಷ, 1937ರ ಅಕ್ಟೋಬರಿನಲ್ಲಿ, ಗಾಂಧೀಜಿ ವಾರ್ಧಾದಲ್ಲಿ ಶಿಕ್ಷಣ ಸಮ್ಮೇಳನ ಕರೆದರು. ಜಾಕಿರ್ ಹುಸೇನ್ ಅಧ್ಯಕ್ಷತೆಯ ಸಮಿತಿ ಒಂದು ಪಠ್ಯಕ್ರಮ ಸಿದ್ಧಪಡಿಸಿತು. ಏಳು ವರ್ಷ ಕಡ್ಡಾಯ ಉಚಿತ ಶಿಕ್ಷಣ, ಮಾತೃಭಾಷೆಯಲ್ಲಿ ಕಲಿಕೆ, ಊರಿನ ಒಂದು ಕಸುಬಿನ ಸುತ್ತ ಎಲ್ಲ ವಿಷಯಗಳ ಪಾಠ. ನೂಲುವಾಗ ಗಣಿತ, ಹತ್ತಿಯ ಜೊತೆ ಭೂಗೋಳ. ದೇಶಕ್ಕೆಲ್ಲ ಒಂದು ಪಠ್ಯಕ್ರಮ ಎಂದು ಭಾರತೀಯರೇ ಕುಳಿತು ಮಾಡಿದ ಮೊದಲ ದೊಡ್ಡ ಯತ್ನವೇ ಊರಿನ ಕೆಲಸವನ್ನು ನಡುವಿಗಿಟ್ಟಿತ್ತು. ರಾಷ್ಟ್ರೀಯ ಎಂದರೆ ಊರನ್ನು ಮರೆಯುವುದು ಎಂಬ ಭಾವನೆ ನಂತರದ್ದು.

ಐವತ್ತು ವರ್ಷಗಳ ನಡೆ

ಸ್ವಾತಂತ್ರ್ಯದ ನಂತರ ಸಂವಿಧಾನ ಶಿಕ್ಷಣವನ್ನು ರಾಜ್ಯಗಳ ಪಟ್ಟಿಗೆ ಸೇರಿಸಿತು. 1961ರಲ್ಲಿ ರಾಷ್ಟ್ರೀಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಮಂಡಳಿ, ಅಂದರೆ ಎನ್‌ಸಿಇಆರ್‌ಟಿ ಹುಟ್ಟಿತು. 1964ರಿಂದ 66ರವರೆಗೆ ಡಿ.ಎಸ್. ಕೊಠಾರಿ ಆಯೋಗ ಕೆಲಸ ಮಾಡಿತು; ಹತ್ತು ವರ್ಷಗಳ ಸಾಮಾನ್ಯ ಶಾಲೆ, ಎರಡು ವರ್ಷದ ಪಿಯು, ಮೂರು ವರ್ಷದ ಪದವಿ ಎಂಬ ಏಣಿ ಆ ಚಿಂತನೆಯ ಫಲ. 1975ರಲ್ಲಿ ಮೊದಲ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಬಂತು. ಮರುವರ್ಷ 42ನೇ ತಿದ್ದುಪಡಿ ಶಿಕ್ಷಣವನ್ನು ಕೇಂದ್ರ ಮತ್ತು ರಾಜ್ಯ ಎರಡಕ್ಕೂ ಸೇರಿದ ಸಮವರ್ತಿ ಪಟ್ಟಿಗೆ ತಂದಿತು. 1986ರ ನೀತಿಯ ಬೆನ್ನಿಗೆ 1988ರ ಚೌಕಟ್ಟು, ಆಮೇಲೆ 2000ದ್ದು, 2005ರದ್ದು, ಈಗ 2023ರದ್ದು.

ಇವುಗಳಲ್ಲಿ 2005ರ ಚೌಕಟ್ಟಿನ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು. ಅದರ ಬೇರು 1993ರಲ್ಲಿದೆ. ಆ ವರ್ಷ ವಿಜ್ಞಾನಿ ಯಶಪಾಲ್ ಅವರ ಸಮಿತಿ ‘ಹೊರೆಯಿಲ್ಲದ ಕಲಿಕೆ’ ಎಂಬ ಸಣ್ಣ ವರದಿ ಕೊಟ್ಟಿತು. ಮಕ್ಕಳ ಬೆನ್ನಿನ ಚೀಲದ ಭಾರದ ದೂರಿನಿಂದ ಹೊರಟ ಸಮಿತಿ ಅದಕ್ಕಿಂತ ದೊಡ್ಡ ಭಾರವನ್ನು ಕಂಡಿತು: ಅರ್ಥವಾಗದ್ದನ್ನು ಹೊರುವ ಭಾರ. ಮಗುವಿಗೆ ತಿಳಿದ ಬದುಕಿಗೂ ಪುಸ್ತಕದ ವಾಕ್ಯಕ್ಕೂ ನಂಟೇ ಇಲ್ಲದಿದ್ದರೆ ಹತ್ತು ಪುಟವೂ ಭಾರವೇ. ಹನ್ನೆರಡು ವರ್ಷದ ನಂತರ ಯಶಪಾಲ್ ಅವರೇ 2005ರ ಚೌಕಟ್ಟಿನ ಮಾರ್ಗದರ್ಶಿ ಸಮಿತಿಯ ಅಧ್ಯಕ್ಷರಾದರು. ಆಗ ಎನ್‌ಸಿಇಆರ್‌ಟಿ ನಿರ್ದೇಶಕರಾಗಿದ್ದವರು ಕೃಷ್ಣಕುಮಾರ್. 21 ವಿಷಯ ತಂಡಗಳು ಕುಳಿತು ಚರ್ಚಿಸಿ ಬರೆದವು. ಶಾಲೆಯ ಹೊರಗಿನ ಬದುಕಿಗೆ ಜ್ಞಾನವನ್ನು ಜೋಡಿಸುವುದು, ಉರು ಹೊಡೆಯುವುದನ್ನು ಬಿಡಿಸುವುದು, ಪುಸ್ತಕದಾಚೆಗೆ ಕಲಿಕೆ ಬೆಳೆಸುವುದು, ಪರೀಕ್ಷೆಯನ್ನು ಸಡಿಲಿಸಿ ತರಗತಿಯ ಬದುಕಿಗೆ ಬೆಸೆಯುವುದು, ಪ್ರಜಾಪ್ರಭುತ್ವದ ಕಾಳಜಿಯುಳ್ಳ ವ್ಯಕ್ತಿತ್ವ ಬೆಳೆಸುವುದು ಎಂಬ ಐದು ದಾರಿದೀಪಗಳನ್ನು ಅದು ಇಟ್ಟಿತು. ಕರ್ನಾಟಕದ ಪುಸ್ತಕಗಳೂ ಅದರ ಬೆಳಕಿನಲ್ಲಿ ಮರುರಚನೆಗೊಂಡವು.

2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಕರಡು ರೂಪಿಸಿದ ಸಮಿತಿಯ ಮುಖ್ಯಸ್ಥರು ಬಾಹ್ಯಾಕಾಶ ವಿಜ್ಞಾನಿ ಕೆ. ಕಸ್ತೂರಿರಂಗನ್. ಹೊಸ ಚೌಕಟ್ಟಿಗೂ ಅವರದೇ ನೇತೃತ್ವ. 2022ರ ಅಕ್ಟೋಬರಿನಲ್ಲಿ ಮೂರರಿಂದ ಎಂಟು ವರ್ಷದ ಮಕ್ಕಳ ಬುನಾದಿ ಹಂತದ ಚೌಕಟ್ಟು, 2023ರ ಆಗಸ್ಟಿನಲ್ಲಿ ಇಡೀ ಶಾಲಾ ಶಿಕ್ಷಣದ್ದು ಬಂತು. 600ಕ್ಕೂ ಹೆಚ್ಚು ಪುಟಗಳ ಆ ದಸ್ತಾವೇಜು ಹಿಂದಿನದಕ್ಕಿಂತ ಹೆಚ್ಚು ಬಿಡಿಸಿ ಹೇಳುತ್ತದೆ. ಐದು, ಮೂರು, ಮೂರು, ನಾಲ್ಕು ವರ್ಷಗಳ ಹಂತಗಳು. ಆರನೇ ತರಗತಿಯಿಂದ ಎಲ್ಲರಿಗೂ ಕಸುಬಿನ ಕಲಿಕೆ. ಆ ಕಸುಬುಗಳನ್ನು ಅದು ಮೂರು ಬಗೆ ಮಾಡಿದೆ: ಗಿಡ ಮತ್ತು ಪ್ರಾಣಿಗಳ ಜೊತೆಗಿನ ಕೆಲಸ, ವಸ್ತು ಮತ್ತು ಯಂತ್ರಗಳ ಜೊತೆಗಿನ ಕೆಲಸ, ಮನುಷ್ಯರ ಸೇವೆಯ ಕೆಲಸ. ಆರರಿಂದ ಎಂಟನೇ ತರಗತಿಯವರಿಗೆ ಹತ್ತು ದಿನ ಪುಸ್ತಕದ ಚೀಲ ಬಿಟ್ಟು ಊರಿನ ಕುಶಲಕರ್ಮಿಗಳ ಬಳಿ ಕಲಿಯುವ ಅವಕಾಶವನ್ನು ನೀತಿ ಹೇಳಿದೆ. ಅಕ್ಷರ ಬೇರೆ, ಆಶಯ ವಾರ್ಧಾದ್ದು.

ಹೆಮ್ಮಾಡಿಯ ಜಂಕ್ಷನ್ನಿನಲ್ಲಿ ನಿಂತರೆ ಆ ಮೂರೂ ಬಗೆ ಕಾಣುತ್ತದೆ. ಸೇವಂತಿಗೆ ಗದ್ದೆ ಒಂದು. ಕುಂದಾಪುರದ ಹಂಚಿನ ಕಾರ್ಖಾನೆ, ಗಂಗೊಳ್ಳಿಯ ಬಂದರಿನ ಬೋಟಿನ ಎಂಜಿನ್ನು ಎರಡು. ಹೆದ್ದಾರಿಯಿಂದ ಕೊಲ್ಲೂರಿಗೆ ಕವಲೊಡೆಯುವ ರಸ್ತೆಯ ಯಾತ್ರಿಕರು, ಹೋಟೆಲು, ವಾಹನ ಮೂರು. ಚೌಕಟ್ಟು ಬರೆದವರು ಹೆಮ್ಮಾಡಿ ನೋಡಿ ಬರೆದಿಲ್ಲ. ಹೆಮ್ಮಾಡಿ ಮಾತ್ರ ಅದರೊಳಗೆ ಸಲೀಸಾಗಿ ಕೂರುತ್ತದೆ.

ಎಲ್ಲಿ ಸಿಕ್ಕಿಕೊಳ್ಳುತ್ತದೆ?

ಹಾಗಾದರೆ ತೊಡಕೇನು? ನನಗೆ ಕಾಣುವುದು ಮೂರು ಗಂಟುಗಳು.

ಮೊದಲನೆಯದು ಸರ್ಕಾರಗಳ ಹಗ್ಗಜಗ್ಗಾಟ. 2022ರಲ್ಲಿ ಕರ್ನಾಟಕ ರಾಷ್ಟ್ರೀಯ ಚೌಕಟ್ಟಿಗಾಗಿ 26 ವಿಷಯಗಳ ಮೇಲೆ ನಿಲುವು ಪತ್ರಗಳನ್ನು ಸಿದ್ಧಪಡಿಸಿತು. 2023ರಲ್ಲಿ ಸರ್ಕಾರ ಬದಲಾಯಿತು. ರಾಜ್ಯಕ್ಕೆ ಪ್ರತ್ಯೇಕ ಶಿಕ್ಷಣ ನೀತಿ ರೂಪಿಸಲು ಸುಖದೇವ್ ಥೋರಟ್ ಅಧ್ಯಕ್ಷತೆಯಲ್ಲಿ ಆಯೋಗ ಬಂತು. ಆ ಆಯೋಗ 2025ರ ಆಗಸ್ಟಿನಲ್ಲಿ ವರದಿ ಕೊಟ್ಟಿತು. ಐದನೇ ತರಗತಿಯವರೆಗೆ ಕನ್ನಡ ಅಥವಾ ಮಾತೃಭಾಷೆಯ ಮಾಧ್ಯಮ, ಎರಡು, ಎಂಟು, ನಾಲ್ಕು ವರ್ಷಗಳ ಹಂತ ಅದರ ಶಿಫಾರಸುಗಳು. ರಾಜ್ಯಕ್ಕೆ ತನ್ನದೇ ನೀತಿಯ ಹಕ್ಕು ಇದೆ. ಆದರೆ 2020ರಲ್ಲಿ ಒಂದನೇ ತರಗತಿ ಸೇರಿದ ಮಗು ಇಷ್ಟೂ ಕಾಲ ಶಾಲೆಯಲ್ಲೇ ಇತ್ತು. ನೀತಿಗಳು ಬದಲಾಗುವ ವೇಗದಲ್ಲಿ ಮಗುವಿನ ಬಾಲ್ಯ ಕಾಯುವುದಿಲ್ಲ.

ಪುಸ್ತಕ ಕತ್ತರಿಸುವ ಕೆಲಸವೂ ಹೀಗೆಯೇ. 2022ರಲ್ಲಿ ಕೋವಿಡ್ ನಂತರದ ಹೊರೆ ಇಳಿಸಲೆಂದು ಎನ್‌ಸಿಇಆರ್‌ಟಿ ಹಲವು ಅಧ್ಯಾಯಗಳನ್ನು ಕೈಬಿಟ್ಟಿತು. ಹತ್ತನೇ ತರಗತಿಯಿಂದ ಜೀವವಿಕಾಸ, ಧಾತುಗಳ ಆವರ್ತಕ ವರ್ಗೀಕರಣ ಹೋದಾಗ ವಿಜ್ಞಾನಿಗಳು ದನಿ ಎತ್ತಿದರು. ಹನ್ನೊಂದನೇ ತರಗತಿಯ ಜೀವಶಾಸ್ತ್ರದಿಂದ ಹೊರಬಿದ್ದ ಒಂದು ಭಾಗ ಯಾರ ಗಮನವನ್ನೂ ಸೆಳೆಯಲಿಲ್ಲ. ಅದು ಹಗಲಿರುಳಿನ ಉದ್ದಕ್ಕೂ ಗಿಡ ಹೂ ಬಿಡುವುದಕ್ಕೂ ಇರುವ ನಂಟಿನ ಪಾಠ. ಹೊರೆ ಇಳಿಸುವವರಿಗೆ ಅದು ಒಂದೆರಡು ಪುಟ. ಸೇವಂತಿಗೆ ಬೆಳೆಯುವ ಮನೆಯಿಂದ ಪಿಯು ವಿಜ್ಞಾನಕ್ಕೆ ಬಂದ ಹುಡುಗಿಗೆ ಅದು ಅಪ್ಪನ ಗದ್ದೆ ಪುಸ್ತಕದೊಳಗೆ ಕಾಣಿಸಿಕೊಳ್ಳಬಹುದಾಗಿದ್ದ ಜಾಗ. ಯಶಪಾಲ್ ಹೇಳಿದ ಹೊರೆ ಪುಟಗಳದ್ದಲ್ಲ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ಎರಡನೇ ಗಂಟು ಭಾಷೆ. ಮನೆಯಲ್ಲಿ ‘ಹೋಪುದು, ಬಪ್ಪುದು’ ಎನ್ನುವ ಮಗು ಶಾಲೆಯಲ್ಲಿ ಅದನ್ನು ನುಂಗಿಕೊಂಡು ‘ಹೋಗುವುದು, ಬರುವುದು’ ಎನ್ನಬೇಕು. ‘ಗಂಟಿ’ ಮೇಯಿಸಿದ ಮಗು ‘ಜಾನುವಾರು’ ಎಂದು ಬರೆಯಬೇಕು. ಪುಸ್ತಕದ ಕನ್ನಡ ಕಲಿಯಲೇಬೇಕು, ಅದು ಬೀದರಿನ ಮಗುವಿನೊಡನೆ ಮಾತಾಡುವ ಸೇತುವೆ. ಆದರೆ ಮನೆಯ ಮಾತು ತಪ್ಪು ಎಂದು ಗದರಿಸಿ ಕಲಿಸಿದರೆ ಮಗು ಮಾತನ್ನೇ ಕಡಿಮೆ ಮಾಡುತ್ತದೆ. ಹಳಗನ್ನಡದ ‘ಪೋಪುದು, ಬರ್ಪುದು’ಗಳಿಗೆ ಕುಂದಗನ್ನಡದ ‘ಹೋಪುದು, ಬಪ್ಪುದು’ ಎಷ್ಟು ಹತ್ತಿರವೆಂದು ತೋರಿಸಿಕೊಟ್ಟರೆ ಒಂಬತ್ತನೇ ತರಗತಿಯ ಹಳಗನ್ನಡ ಪದ್ಯಕ್ಕೆ ಹೆದರುವ ಅಗತ್ಯವೇ ಇಲ್ಲ. ಈ ಸೀಮೆಯ ಮಕ್ಕಳು ಆ ಪದ್ಯದ ಅರ್ಧ ದಾರಿಯನ್ನು ಮನೆಯಲ್ಲೇ ನಡೆದು ಬಂದಿದ್ದಾರೆ.

ಮೂರನೆಯದು, ಎಲ್ಲಕ್ಕಿಂತ ಬಿಗಿಯಾದದ್ದು, ಪರೀಕ್ಷೆ. 2024ರ ಎಸ್ಸೆಸ್ಸೆಲ್ಸಿಯಲ್ಲಿ ನಮ್ಮ ಉಡುಪಿ ಜಿಲ್ಲೆ ರಾಜ್ಯಕ್ಕೆ ಮೊದಲು. ಇದು ಮಕ್ಕಳ ಶ್ರಮ, ಸಂಜೆ ಕತ್ತಲಾಗುವವರೆಗೆ ಶಾಲೆಯಲ್ಲೇ ಕೂತು ಓದಿಸುವ ಶಿಕ್ಷಕರ ಶ್ರಮ. ನಾನು ಅದನ್ನು ಗೌರವಿಸುತ್ತೇನೆ. ಅದೇ ಕಾರಣಕ್ಕೆ ಹೇಳುತ್ತೇನೆ: ಇಷ್ಟು ಶಿಸ್ತಿನ ಜಿಲ್ಲೆಯಲ್ಲಿ ಪ್ರಶ್ನೆಪತ್ರಿಕೆ ಏನು ಕೇಳುತ್ತದೋ ಅದನ್ನು ಮಕ್ಕಳು ಕಲಿತೇ ಕಲಿಯುತ್ತಾರೆ. ಕೇಳದ್ದನ್ನು ಕಲಿಸಲು ಯಾರಿಗೂ ಪುರುಸೊತ್ತಿಲ್ಲ. ಹೊರಗಿನ ಬದುಕಿಗೆ ಪಾಠ ಜೋಡಿಸಿ ಎಂದು ಚೌಕಟ್ಟು ನೂರು ಸಲ ಹೇಳಲಿ, ಕೊನೆಯ ಮೆಟ್ಟಿಲಿನ ಪ್ರಶ್ನೆಪತ್ರಿಕೆ ಹಳೆಯದೇ ಆಗಿದ್ದರೆ ಅದೇ ನಿಜವಾದ ಪಠ್ಯಕ್ರಮ.

ಕೆಳಗಿನಿಂದ ಮೇಲಕ್ಕೆ ಹೋದ ಪಾಠ

ಪಠ್ಯಕ್ರಮ ಯಾವಾಗಲೂ ಮೇಲಿನಿಂದಲೇ ಇಳಿಯಬೇಕೆಂದಿಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳ ಶಿಕ್ಷಕರು ಆಂಧ್ರದ ರಿಷಿವ್ಯಾಲಿಗೆ ಹೋಗಿ ಅಲ್ಲಿನ ಹಳ್ಳಿ ಶಾಲೆಗಳ ಕಲಿಕಾ ಏಣಿಯನ್ನು ನೋಡಿ ಬಂದರು. ತಮ್ಮ ಕಾಡಂಚಿನ ಊರುಗಳ ಹಾಡು, ಕತೆ, ಆಟಗಳನ್ನು ಸೇರಿಸಿ ಕಾರ್ಡುಗಳನ್ನು ತಾವೇ ಕೂತು ಬರೆದರು. ಒಂದೊಂದು ಮಗು ತನ್ನ ವೇಗದಲ್ಲಿ ಮೆಟ್ಟಿಲು ಹತ್ತುವ ಆ ವಿಧಾನವೇ ನಲಿ–ಕಲಿ. ಮುಂದೆ 2009–10ರಲ್ಲಿ ರಾಜ್ಯದ ಎಲ್ಲ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳ ಕೆಳ ತರಗತಿಗಳಿಗೂ ಅದು ಬಂತು. ಹೆಮ್ಮಾಡಿಯ ಕಡೆಯ ಮಕ್ಕಳೂ ಆ ಕಾರ್ಡುಗಳ ಮೇಲೆ ಅಕ್ಷರ ಕಲಿತರು.

ಅದರಿಂದ ಎರಡು ಮಾತು ತಿಳಿಯಬೇಕು. ಶಿಕ್ಷಕರು ಪಠ್ಯಕ್ರಮ ಮಾಡಬಲ್ಲರು, ಅದು ಇಡೀ ರಾಜ್ಯಕ್ಕೆ ಸಲ್ಲಬಲ್ಲದು. ಎರಡನೆಯದು, ಒಂದೂರಿನವರು ಕೈಯಾರೆ ಬರೆದ ಕಾರ್ಡು ಇನ್ನೊಂದು ಊರಿಗೆ ಅಚ್ಚಾಗಿ ಬಂದಾಗ ಅದೂ ಮೇಲಿನಿಂದ ಬಂದ ಪುಸ್ತಕವೇ. ಕಾಡಂಚಿನ ಕಾರ್ಡು ಕಡಲಂಚಿಗೆ ಬಂದಾಗ ಕಡಲಂಚಿನ ಶಿಕ್ಷಕರೂ ತಮ್ಮ ಕಾರ್ಡು ಬರೆಯಬೇಕಿತ್ತು. ಬರೆಯುವ ಹಕ್ಕೂ ಹೊತ್ತೂ ಅವರಿಗೆ ಸಿಗಬೇಕಿತ್ತು.

ಜಗತ್ತಿನಲ್ಲಿ ಎರಡೂ ಬಗೆ ಇದೆ. ಇಂಗ್ಲೆಂಡ್ 1988ರ ಕಾನೂನಿನಿಂದ ರಾಷ್ಟ್ರೀಯ ಪಠ್ಯಕ್ರಮ ತಂದಿತು, ಜೊತೆಗೇ ನಿಗದಿತ ವಯಸ್ಸಿಗೆ ರಾಷ್ಟ್ರೀಯ ಪರೀಕ್ಷೆಗಳನ್ನೂ ತಂದಿತು. ಫಿನ್ಲೆಂಡಿನಲ್ಲಿ ರಾಷ್ಟ್ರೀಯ ತಿರುಳನ್ನು ಮಾತ್ರ ದೇಶ ಬರೆಯುತ್ತದೆ. ಅದರ ಮೇಲೆ ತಮ್ಮ ಸ್ಥಳೀಯ ಪಠ್ಯಕ್ರಮವನ್ನು ಪುರಸಭೆಗಳು, ಶಾಲೆಗಳು ಶಿಕ್ಷಕರನ್ನು ಕೂರಿಸಿಕೊಂಡು ಬರೆಯಬೇಕು. 2014ರಲ್ಲಿ ಸಿದ್ಧವಾದ ತಿರುಳು 2016ರಲ್ಲಿ ಜಾರಿಗೆ ಬಂತು. ನಡುವಿನ ಎರಡು ವರ್ಷ ಊರುಗಳು ಬರೆದುಕೊಳ್ಳಲು. ಅರ್ಥ ಹೇಳುವವರಿಗೆ ಅಲ್ಲಿ ತಯಾರಿಯ ಹೊತ್ತು ಸಿಕ್ಕಿತು.

ಊರಿನ ಪಾಠ ಊರಲ್ಲೇ ಕಟ್ಟಿಹಾಕುತ್ತದೆಯೇ?

ಹೀಗೆ ಹೇಳಿದಾಗ ಹೆತ್ತವರಿಂದ ಬರುವ ಒಂದು ಪ್ರಶ್ನೆಗೆ ಉತ್ತರಿಸದೆ ಮುಂದೆ ಹೋಗುವುದು ಸರಿಯಲ್ಲ. ನಮ್ಮ ಮಗು ಸೇವಂತಿಗೆ ಕಲಿತು ಇಲ್ಲೇ ಉಳಿಯಬೇಕೇ? ಬೆಂಗಳೂರಿನ ಮಗುವಿನ ಜೊತೆ ನೀಟ್ ಪರೀಕ್ಷೆ ಬರೆಯುವುದು ಬೇಡವೇ?

ಈ ಆತಂಕದ ಹಿಂದೆ ನಮ್ಮ ಸೀಮೆಯ ಬದುಕಿದೆ. ಮುಂಬಯಿಯ ಹೋಟೆಲುಗಳಲ್ಲಿ ಹಗಲು ದುಡಿದು ಕನ್ನಡ ರಾತ್ರಿಶಾಲೆಗಳಲ್ಲಿ ಓದಿದ ಕರಾವಳಿಯ ಹುಡುಗರ ಕತೆ ಪ್ರತಿ ಮನೆಯಲ್ಲೂ ಒಂದಿದೆ. ಇಲ್ಲಿ ಬಿಟ್ಟ ತರಗತಿಯನ್ನು ಅಲ್ಲಿ ಬೇರೆ ರಾಜ್ಯದ ಪಠ್ಯದಲ್ಲಿ ಮತ್ತೆ ಹಿಡಿಯಬೇಕಿತ್ತು. ಈಗ ಬೇರೆ ಜಿಲ್ಲೆ, ಬೇರೆ ರಾಜ್ಯಗಳಿಂದ ದುಡಿಯಲು ಬಂದವರ ಮಕ್ಕಳು ನಮ್ಮ ಕರಾವಳಿಯ ಶಾಲೆಗಳಲ್ಲಿ ಕೂತಿದ್ದಾರೆ. ಊರು ಬಿಟ್ಟು ಊರಿಗೆ ಹೋಗುವ ಮಗುವಿಗೆ ಭಿನ್ನರಾಶಿ ಎಲ್ಲ ಕಡೆ ಒಂದೇ ಹೊತ್ತಿಗೆ ಬರಬೇಕು. ಸಮಾನ ಚೌಕಟ್ಟು ಬಡವರ ಮಕ್ಕಳ ಹಕ್ಕು. ನಾನು ಅದನ್ನು ಬಿಟ್ಟುಕೊಡಲು ಹೇಳುವವನಲ್ಲ.

ಊರಿನ ಪಾಠ ಆ ಚೌಕಟ್ಟನ್ನು ಗಟ್ಟಿ ಮಾಡುತ್ತದೆ. ಬೆಟ್ಟು, ಮಜಲು, ಬೈಲು ಎಂದು ನಮ್ಮ ಗದ್ದೆಗಳನ್ನು ಹಿರಿಯರು ನೀರಿನ ಲೆಕ್ಕದಲ್ಲಿ ವಿಂಗಡಿಸಿದ್ದಾರೆ: ಮಳೆ ನಂಬಿದ ಎತ್ತರದ ಬೆಟ್ಟಿಗೆ ಒಂದು ಬೆಳೆ, ನಡುವಿನ ಮಜಲಿಗೆ ಎರಡು, ತಗ್ಗಿನ ಬೈಲಿಗೆ ಮೂರು. ಇದನ್ನು ನಡೆದು ನೋಡಿದ ಮಗುವಿಗೆ ಅಂತರ್ಜಲದ ಅಧ್ಯಾಯ ತಾನಾಗಿ ತೆರೆದುಕೊಳ್ಳುತ್ತದೆ. ಮರವಂತೆಯಲ್ಲಿ ಹೆದ್ದಾರಿಯ ಒಂದು ಮಗ್ಗುಲಿಗೆ ಸೌಪರ್ಣಿಕೆ, ಇನ್ನೊಂದು ಮಗ್ಗುಲಿಗೆ ಕಡಲು; ನದಿ ಕಡಲ ಹತ್ತಿರ ಬಂದೂ ಸೇರದೆ ಏಕೆ ತಿರುಗುತ್ತದೆ ಎಂದು ಕೇಳಿದರೆ ಮರಳದಿಣ್ಣೆ, ಅಲೆ, ಹೂಳು ಎಲ್ಲ ಚರ್ಚೆಗೆ ಬರುತ್ತವೆ. ಬಸ್ರೂರಿನಿಂದ ಅಕ್ಕಿ ಗೋವೆಗೆ ಹೋಗುತ್ತಿತ್ತು, ಪೋರ್ಚುಗೀಸರು ಕೋಟೆ ಕಟ್ಟಿದರು, 1665ರಲ್ಲಿ ಶಿವಾಜಿಯ ಹಡಗುಗಳು ಬಂದವು ಎಂದು ತಿಳಿದ ಮಗುವಿಗೆ ಹಿಂದೂ ಮಹಾಸಾಗರದ ವ್ಯಾಪಾರದ ಇತಿಹಾಸ ಪಕ್ಕದೂರಿನ ಕತೆ. ಇದರಲ್ಲಿ ಯಾವುದೂ ನೀಟ್‌ಗೆ ಅಡ್ಡಿಯಲ್ಲ.

ಇಪ್ಪತ್ತು ಅಂಕಗಳ ಮಾತು

ಕೊನೆಗೆ, ಮಾಡಬಹುದಾದ ಕೆಲಸ. ಅದಕ್ಕೆ ಹೊಸ ನೀತಿ ಬೇಕಾಗಿಲ್ಲ, ಇರುವುದನ್ನು ಮನಸ್ಸಿಟ್ಟು ಬಳಸಿದರೆ ಸಾಕು.

ನಮ್ಮ ಎಸ್ಸೆಸ್ಸೆಲ್ಸಿಯಲ್ಲಿ ಪ್ರತಿ ವಿಷಯಕ್ಕೆ 80 ಅಂಕಗಳ ಲಿಖಿತ ಪರೀಕ್ಷೆ, 20 ಅಂಕಗಳ ಆಂತರಿಕ ಮೌಲ್ಯಮಾಪನ. ಪ್ರಥಮ ಭಾಷೆಗೆ 100 ಮತ್ತು 25. ಈ ಆಂತರಿಕ ಅಂಕ ಶಾಲೆಯ ಕೈಯಲ್ಲೇ ಇದೆ. ಅದನ್ನು ಕೊಡುವ ಕ್ರಮಕ್ಕೆ ಒಂದು ಬೆನ್ನೆಲುಬು ಬೇಕು. ವಿಜ್ಞಾನ ಮತ್ತು ಸಮಾಜ ವಿಜ್ಞಾನದ ಆಂತರಿಕ ಅಂಕಗಳನ್ನು ಮಗು ತನ್ನ ಊರಿನಲ್ಲಿ ಮಾಡಿದ ಒಂದು ನಿಜವಾದ ಹುಡುಕಾಟಕ್ಕೆ ಮೀಸಲಿಡಬೇಕು: ಒಂದು ಗದ್ದೆಯ ಒಂದು ವರ್ಷದ ದಾಖಲೆ, ಒಂದು ಬಾವಿಯ ನೀರಿನ ಮಟ್ಟದ ಹನ್ನೆರಡು ತಿಂಗಳ ಅಳತೆ, ಬಂದರಿಗೆ ಬರುವ ಮೀನಿನ ಬಗೆಗಳ ಪಟ್ಟಿ. ನಕಲು ಮಾಡಿದ ಪ್ರಾಜೆಕ್ಟ್ ಪುಸ್ತಕಕ್ಕೆ ಅಂಕವಿಲ್ಲ. ಮಗು ಊರಿನವರ ಮುಂದೆ ನಿಂತು ತಾನು ಕಂಡದ್ದನ್ನು ಹೇಳಿ, ಕೇಳಿದ್ದಕ್ಕೆ ಉತ್ತರಿಸಬೇಕು. ಹೂವಿನಕೋಲಿನ ಮಕ್ಕಳು ಮಾಡುತ್ತಿದ್ದದ್ದು ಇದೇ. ಈ ಸಲ ಎಲ್ಲ ಮಕ್ಕಳೂ, ಎಲ್ಲ ಮನೆಗಳಿಂದಲೂ.

ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ ಇರುವುದು ಜಿಲ್ಲೆಗೆ ಬೇಕಾದ ಸಾಮಗ್ರಿ ಮಾಡಲಿಕ್ಕೆ. ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳ ಹತ್ತಿಪ್ಪತ್ತು ಶಿಕ್ಷಕರಿಗೆ ಬೇರೆ ಕೆಲಸಗಳಿಂದ ಬಿಡುವು ಕೊಟ್ಟು ಒಂದು ವರ್ಷ ಕೂರಿಸಿದರೆ ರಾಜ್ಯದ ಪುಸ್ತಕದ ಪ್ರತಿ ಅಧ್ಯಾಯಕ್ಕೂ ಈ ಸೀಮೆಯ ಉದಾಹರಣೆ ಕೊಡುವ ಕೈಪಿಡಿ ಸಿದ್ಧವಾಗುತ್ತದೆ. ಶಾಲೆಗಳಲ್ಲಿ 2001ರಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ. ಅವುಗಳ ಸಭೆಯಲ್ಲಿ ಕಟ್ಟಡ, ಬಿಸಿಯೂಟದ ಜೊತೆಗೆ ಊರಿನಲ್ಲಿ ಯಾರು ಏನು ಕಲಿಸಬಲ್ಲರು ಎಂಬ ಪಟ್ಟಿಯೂ ಸಿದ್ಧವಾಗಲಿ. ಮರದ ಕೆಲಸದವರು, ಬಲೆ ಹೆಣೆಯುವವರು, ಹೂ ಬೆಳೆಯುವ ಹೆಂಗಸರು ಚೀಲವಿಲ್ಲದ ಹತ್ತು ದಿನಗಳ ಗುರುಗಳು. ಅವರ ದಿನದ ದುಡಿಮೆಗೆ ಗೌರವಧನ ಸಲ್ಲಬೇಕು.

ಎಲ್ಲಕ್ಕೂ ಮೊದಲು ಶಿಕ್ಷಕರಿಗೆ ಹೊತ್ತು ಬೇಕು. ಜೂನ್ ತಿಂಗಳ ಜಡಿಮಳೆಗೆ ರಜೆ, ಸಮೀಕ್ಷೆಯ ಕೆಲಸ, ಚುನಾವಣೆಯ ಕೆಲಸ, ಖಾಲಿ ಹುದ್ದೆಯ ತರಗತಿ ಎಲ್ಲವನ್ನೂ ಒಬ್ಬರ ಹೆಗಲಿಗೆ ಹಾಕಿ, ಅರ್ಥವನ್ನೂ ಚೆನ್ನಾಗಿ ಹೇಳಿ ಎಂದರೆ ಹೇಗೆ ಹೇಳಿಯಾರು? ಅರ್ಥಧಾರಿಯನ್ನು ಬೆಳೆಸದೆ ಪ್ರಸಂಗವನ್ನು ಮತ್ತೆ ಮತ್ತೆ ತಿದ್ದುತ್ತ ಕೂತಿರುವುದು ನಮ್ಮ ಐವತ್ತು ವರ್ಷಗಳ ತಪ್ಪು.

ಮುಂದಿನ ಸಂಕ್ರಮಣಕ್ಕೂ ಹೆಮ್ಮಾಡಿಯಲ್ಲಿ ಸೇವಂತಿಗೆ ಅರಳುತ್ತದೆ. ಅದರ ಮೊದಲು, ಡಿಸೆಂಬರಿನ ಒಂದು ದಿನ, ಯಾವುದಾದರೊಂದು ಶಾಲೆಯ ಏಳನೇ ತರಗತಿಯ ಮಕ್ಕಳನ್ನು ಗದ್ದೆಯ ಬದಿಗೆ ಕರೆದೊಯ್ದು ಅವರ ಮಾತಿನಲ್ಲೇ ‘ಹೂವು ಈಗಲೇ ಬಿಡುದು ಎಂತಕೆ?’ ಎಂದು ಕೇಳಲಿ. ಮಕ್ಕಳು ಚಳಿ ಎನ್ನುತ್ತಾರೆ, ಜಾತ್ರೆ ಎನ್ನುತ್ತಾರೆ, ದೇವರು ಎನ್ನುತ್ತಾರೆ. ಸೂರ್ಯ ಮುಳುಗುವ ಹೊತ್ತನ್ನು ದಿನವೂ ಬರೆದಿಟ್ಟ ಒಂದು ಮಗು ರಾತ್ರಿ ಉದ್ದವಾಗಿದೆ ಎನ್ನುತ್ತದೆ. ಆ ಉತ್ತರಕ್ಕೆ ಅಂಕ ಸಿಗುವ ದಿನ ರಾಷ್ಟ್ರೀಯ ಪಠ್ಯಕ್ರಮ ಹೆಮ್ಮಾಡಿಗೆ ಬಂದು ಮುಟ್ಟಿತು ಎಂದು ನಾನು ಒಪ್ಪುತ್ತೇನೆ.